ಮೂಸಿ ನೋಡುತ್ತಿದ್ದವರು

ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದವರೊಬ್ಬರು, ಬಜೆಟ್ ಎಷ್ಟೆಂದು ಕೇಳುವ ಮೊದಲೇ "ಮನೆ ಕಡಲಿಂದ ಎಷ್ಟು ದೂರ ಉಂಟು?" ಎಂದು ಕೇಳುತ್ತಿದ್ದರು. ಕಾಪುವಿನ ನಮ್ಮ ಮನೆಗೆ ಅಲೆಯ ಸದ್ದು ಕೇಳಿಸುತ್ತದೆ ಎಂದೆ. ಅವರ ಮುಖ ಚಿಕ್ಕದಾಯಿತು. "ಉಪ್ಪು ಗಾಳಿ ಒಳಗಿಂದ ತಿಂತದೆ, ಹೊರಗೆ ಕಾಣುವುದಿಲ್ಲ."

ಮಗನ ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ದೊಡ್ಡದೇ ಬೇಕಿತ್ತು. ಒಳಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ ಅಗ್ಗದ್ದು ಸಾಕು ಎಂದೆ.

"ಎಲ್ಲಿ ಬೇಕಾದರೂ ಉಳಿಸಿ ಮಾರಾಯ್ರೇ, ಇದರಲ್ಲಿ ಬೇಡ." ಎಲ್ಲರಿಗೂ ಹೇಳುತ್ತಿದ್ದ ಮಾತು ಅದು. ನಾನು ಹಟ ಹಿಡಿದೆ. ಅವರು ಡ್ರಾಯರಿನಿಂದ ಸುಟ್ಟು ಕಪ್ಪಾದ ಅಂಥದೇ ಡಬ್ಬಿಯೊಂದನ್ನು ತೆಗೆದು ಎದುರಿಗಿಟ್ಟರು.

"ಇದು ನನ್ನ ಮನೆಯದ್ದು. ಅಗ್ಗದ್ದು ಹಾಕಿದವ ನಾನೇ. ಮಗಳು ಆಡ್ತಾ ಇದ್ದಳು. ನೀರು ಕುಡಿಯಲಿಕ್ಕೆ ಅಂತ ಎದ್ದು ಹೋದಳು, ಅಷ್ಟರಲ್ಲಿ ಹೊತ್ತಿಕೊಂಡಿತು."

ನಾನು ಒಳ್ಳೆಯದನ್ನೇ ಹಾಕಿಸಿದೆ. ಜೋಡಿಸಿ ಮುಗಿದಾಗ ಅವರು ಪರದೆಯ ಕಡೆ ನೋಡಲಿಲ್ಲ; ಪೆಟ್ಟಿಗೆಯ ಹಿಂದೆ ಬಗ್ಗಿ, ಕಣ್ಣು ಮುಚ್ಚಿ, ಸುಟ್ಟ ವಾಸನೆ ಬರುತ್ತದೋ ಎಂದು ಬಹಳ ಹೊತ್ತು ಮೂಸಿದರು.

ಅದಕ್ಕೀಗ ಏಳು ವರ್ಷ, ಏನೂ ಆಗಿಲ್ಲ. ಆದರೂ ಮಗ ಆಟಕ್ಕೆ ಕುಳಿತರೆ ಅಡುಗೆಮನೆಯಿಂದ ಮತ್ತೆ ಮತ್ತೆ ಕೂಗುತ್ತೇನೆ: "ಬಾ, ನೀರು ಕುಡಿದು ಹೋಗು."