ಚಿಕ್ಕಮಾದಮ್ಮನ ಸೋಮವಾರದ ಸಭೆ

ಹೆಮ್ಮಿಗೆ ಊರಿನ ಕಡೆಯ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ಮೊದಲು ಚಿಕ್ಕಮಾದಮ್ಮನ ಗಂಟಲು ಕೇಳಿಸುತ್ತದೆ, ಆಮೇಲೆ ಅವಳು ಕಾಣಿಸುತ್ತಾಳೆ! ಹದಿನಾಲ್ಕು ಹೆಂಗಸರ ನಾಟಿ ಗುಂಪಿಗೆ ಅವಳೇ ಯಜಮಾನಿ. ಅವಳು ಹಾಡಿದರೆ ಪೈರು ಸಾಲಾಗಿ ಕೂರುತ್ತದೆ, ಬೈದರೆ ಇನ್ನೂ ನೇರವಾಗಿ ಕೂರುತ್ತದೆ. ಮೂರು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯ ಅಜ್ಜಿಯೊಬ್ಬಳು ಏಸುವಿನ ಹಾಡು ಹೇಳಿಕೊಟ್ಟಳು. ಹಾಡು ಹಿಡಿಸಿತು, ಏಸುವೂ ಹಿಡಿಸಿದ. ಊರಿಗೆ ಬಂದವಳೇ ತನ್ನ ಖಾಲಿ ಕೊಟ್ಟಿಗೆಯನ್ನು ಗುಡಿಸಿ, ಸಾರಿಸಿ ಪ್ರಾರ್ಥನೆಗೆ ಬಿಟ್ಟುಕೊಟ್ಟಳು.

ಅಲ್ಲಿಗೆ ಈಚೆಗೆ ಬಂದ ಪಾಸ್ಟರ್ ಅಮೃತೇಶ್ ಮೈಸೂರಿನವರು, ಪಾಪ. ಆರು ತಿಂಗಳಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಚಾಪೆ ಹಾಸುತ್ತಾರೆ. ಬರುವವಳು ಚಿಕ್ಕಮಾದಮ್ಮ ಒಬ್ಬಳೇ, ಅದೂ ಕಾಲಿಗೆ ಕೆಸರು ಮೆತ್ತಿಕೊಂಡು, ಹತ್ತೇ ನಿಮಿಷಕ್ಕೆ! ಆ ಭಾನುವಾರವಂತೂ ಅಮೃತೇಶ್ ಮುಖ ಬಾಡಿಹೋಗಿತ್ತು.

"ಮೈಸೂರಿನ ಚರ್ಚ್ ಆಫೀಸಿಂದ ಹೇಮಲತಾ ಮೇಡಂ ಬರ್ತಿದ್ದಾರೆ ಅಮ್ಮಾ, ಮುಂದಿನ ಭಾನುವಾರ. ಹೀಗೇ ಖಾಲಿ ಇದ್ರೆ ಸಭೆ ಮುಚ್ಚಿ ನನ್ನನ್ನ ಬೇರೆ ಊರಿಗೆ ಕಳಿಸ್ತಾರೆ."

"ಭಾನ್ವಾರ ಯಾರ್ ಬತ್ತಾರೆ ಪಾಸ್ಟ್ರೇ? ಎಲ್ರೂ ಗದ್ದೇಲವ್ರೆ! ಸ್ವಾಮಾರ ಮಡೀಕಳಿ."

"ಸೋಮವಾರ ಯಾಕೆ?"

ಚಿಕ್ಕಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸೋಮವಾರ ನಂಜುಂಡೇಶ್ವರನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಉಳುಮೆಯಿಲ್ಲದ ಮೇಲೆ ನಾಟಿಯೂ ಇಲ್ಲ, ಊರಿಗೆ ಊರೇ ಬಿಡುವು. ಈಗ ಟ್ರ್ಯಾಕ್ಟರಿಗೂ ಅದೇ ರಜೆ! ಆರು ತಿಂಗಳಿದ್ದೂ ಇದು ಗೊತ್ತಾಗದ ಪಾಸ್ಟರು!

"ಆದ್ರೆ ಭಾನುವಾರ ಕರ್ತನ ದಿನ ಅಲ್ವಾಮ್ಮಾ?"

"ಸ್ವಾಮಾರ ಕರ್ತಂಗೆ ಬ್ಯಾರೆ ಕ್ಯಾಮೆ ಐತಾ?"

ಅಮೃತೇಶ್‌ಗೆ ನಗು ತಡೆಯಲಾಗಲಿಲ್ಲ. ಅವಳು ನಿಂತ ಕಾಲಲ್ಲೇ ಅವರಿಂದಲೇ ಹೇಮಲತಾಗೆ ಫೋನ್ ಮಾಡಿಸಿದಳು. "ಮೇಡಮ್ಮೋರೇ, ಭಾನ್ವಾರ ಬಂದ್ರೆ ಬರೀ ಚಾಪೆ ನೋಡ್ಕಂಡು ಓಯ್ತೀರಿ. ಜನ ನೋಡ್ಬೇಕಂದ್ರೆ ಮಾರ್ನೆ ದಿನ ಬನ್ನಿ!"

ವಾರವಿಡೀ ಪೈರು ನೆಡುತ್ತಲೇ ಒಬ್ಬೊಬ್ಬರನ್ನೂ ಕರೆದಳು. ಗದ್ದೆ ಉಳುವ ಬೆಟ್ಟಸ್ವಾಮಿ, "ನಾವು ನಂಜುಂಡಪ್ಪನ ಒಕ್ಕಲು ಕಣಕ್ಕಾ," ಎಂದ.

"ಆಗಿರು, ಯಾರ್ ಬ್ಯಾಡಂದೋರು? ಕುಂತ್ಕಂಡು ಪದ ಕೇಳು, ಕಾಪಿ ಕುಡ್ಕಂಡು ಓಗು."

ಸೋಮವಾರ ಹೇಮಲತಾ ತಿ. ನರಸೀಪುರದ ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಕೊಟ್ಟಿಗೆಯ ಹಾಡು ಅರ್ಧ ಊರಿಗೆ ಕೇಳುತ್ತಿತ್ತು. ಏಸುವಿನ ಹಾಡನ್ನು ಚಿಕ್ಕಮಾದಮ್ಮ ನಾಟಿ ಪದದ ಧಾಟಿಗೆ ಎಳೆದುಬಿಟ್ಟಿದ್ದಳು! ಧಾಟಿ ಎಲ್ಲರಿಗೂ ಗೊತ್ತಿದ್ದದ್ದೇ, ಹದಿನಾಲ್ಕೂ ಹೆಂಗಸರು ಅವಳ ಹಿಂದೆಯೇ ಸೊಲ್ಲು ಹಿಡಿದಿದ್ದರು, ಬೆಟ್ಟಸ್ವಾಮಿಯ ತಲೆಯೂ ತೂಗುತ್ತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ.

"ಸರ್ಕಳ್ರವ್ವಾ, ಮೈಸೂರೋರು ನಿಂತವ್ರೆ!"

ಸಿಕ್ಕಿದ ಅಂಗೈಯಗಲ ಜಾಗದಲ್ಲಿ ಕೂತ ಹೇಮಲತಾ ಎರಡನೇ ಸುತ್ತಿಗೆ ತಾವೂ ಹಾಡತೊಡಗಿದರು. ಪ್ರಾರ್ಥನೆ ಮುಗಿದದ್ದೇ, "ಅಮೃತೇಶ್, ನೀವು ಎಲ್ಲೂ ಹೋಗೋ ಹಾಗಿಲ್ಲ," ಎಂದರು.

ಚಿಕ್ಕಮಾದಮ್ಮ ಆಗಲೇ ಹೊರಗೆ ಹೊಂಗೆ ಮರದ ನೆರಳನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದಳು.

"ಪಾಸ್ಟ್ರೇ, ಬನ್ನಿ ಇಲ್ಲಿ! ಬರೋ ಸ್ವಾಮಾರ ಇಲ್ಲೇ ಚಾಪೆ ಆಕ್ಬುಡವಾ, ಒಳಗೆ ಸಾಕಾಗಕಿಲ್ಲ."