ಅವ್ವನ ಬದನೆ ಬೀಜ

ಶರಣಮ್ಮ, ನಿನ್ನ ಅವ್ವನ ಬದನೆ ಬೀಜವನ್ನು ಹಾಳು ಮಾಡಿದವಳು ನಾನು. ಆರು ವರ್ಷಗಳಿಂದ ನಾನು ನಿನಗೆ ಬೆಳೆದು ಕೊಡುತ್ತಿರುವುದು ಹಲಸೂರಿನ ಕಡೆಯ ಒಂದು ನರ್ಸರಿಯಿಂದ ತಂದ ಸಸಿಗಳ ಸಂತಾನ. ಇದನ್ನು ಎಷ್ಟು ಸಲ ಹೇಳಲು ಹೊರಟೆನೋ — ನಿನ್ನ ಬಾಗಿಲವರೆಗೆ ಬಂದು, ನಾಲ್ಕು ರೊಟ್ಟಿ ಕೊಂಡು, ಹಾಗೆಯೇ ವಾಪಸಾಗಿದ್ದೇನೆ.

ಸುಳ್ಳನ್ನು ಸಾಕಿ ಸಾಕಿ ಸುಸ್ತಾಗಿದೆ. ನನಗೀಗ ಅರವತ್ತೇಳು. ತಾರಸಿಯ ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಹತ್ತಿ ಹೋದರೆ ಆ ಗಿಡಗಳೇ ಎದುರಿಗೆ ನಿಂತಿರುತ್ತವೆ.

ನೀನು ಕಲಬುರಗಿ ಕಡೆಯಿಂದ ಬಂದು, ಜೀವನ್ ಬಿಮಾ ನಗರದ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಕೋಣೆ ಹಿಡಿದು, ಜೋಳದ ರೊಟ್ಟಿ ಬಡಿದು ಮಾರಲು ಶುರು ಮಾಡಿದ ಹೊಸತು. ನಿನ್ನ ಕೋಣೆಗೆ ಬಿಸಿಲೇ ಬೀಳುತ್ತಿರಲಿಲ್ಲ. ನನಗೋ ಇಡೀ ತಾರಸಿ ಇತ್ತು. ಒಂದು ಬೆಳಿಗ್ಗೆ ನೀನು ಬೂದಿ ಬೆರೆಸಿದ ಬೀಜದ ಗಂಟನ್ನು ನನ್ನ ಕೈಗಿಟ್ಟೆ. ನಿನ್ನ ಮದುವೆಯಲ್ಲಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಅವ್ವ ಹಾಕಿದ್ದ ಬೀಜದ ಪೀಳಿಗೆ ಅದು. ಅವ್ವ ತೀರಿಹೋಗಿದ್ದಳು, ಅವಳ ಹಿತ್ತಲಲ್ಲಿ ನಿನ್ನ ಅಣ್ಣ ಮನೆ ಕಟ್ಟಿಸಿದ್ದ. ಆ ಬೀಜ ಉಳಿದಿದ್ದು ನಿನ್ನಲ್ಲಿ ಮಾತ್ರ.

"ಅರ್ಧ ಹಾಕ್ರಿ ಅಕ್ಕಾರ, ಅರ್ಧ ಹಂಗೇ ಇಡ್ರಿ," ಅಂದಿದ್ದೆ ನೀನು.

ನಾನು ಇಡಲಿಲ್ಲ. ತಾರಸಿ ತೋಟದವರ ವಾಟ್ಸಾಪ್ ಗುಂಪಿನಲ್ಲಿ, ಸಸಿ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಹೆಸರಿತ್ತು — ಆ ಜಂಬ. ಬೂದಿ ತೊಳೆದು, ಅಷ್ಟೂ ಬೀಜವನ್ನು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಿಗೆ ಹಾಕಿದೆ. ಸೊಗಸಾಗಿ ಮೊಳೆತವು. ಫೋಟೋ ಹಾಕಿ ಹೊಗಳಿಸಿಕೊಂಡೆ. ಇನ್ನೂ ಬೇಗ ಬೆಳೆಯಲಿ ಎಂದು ಮೇಲೆ ಪ್ಲಾಸ್ಟಿಕ್ ಹೊದಿಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿದೆ. ಎರಡೆಲೆಯ ಸಸಿಗೆ ಗಾಳಿ ಆಡಬೇಕು, ನೀರು ಹೆಚ್ಚಾಗಬಾರದು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನೇ. ಮೂರನೆಯ ದಿನ ಹೊದಿಕೆ ತೆಗೆದರೆ, ಬುಡ ಕೊಳೆತು ಎಲ್ಲವೂ ಮಲಗಿದ್ದವು. ಒಂದೂ — ಒಂದೇ ಒಂದೂ ನಿಂತಿರಲಿಲ್ಲ.

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನೀನು ಅಳುತ್ತಿದ್ದೆ, ಅಷ್ಟೇ. ಅಷ್ಟೇ ಎಂದು ಬರೆಯಲು ಈಗ ನನಗೇ ನಾಚಿಕೆಯಾಗುತ್ತಿದೆ. ಅಂದು ನಾನು ಮಾಡಿದ್ದೇನೆಂದರೆ, ಆಟೋ ಹಿಡಿದು ನರ್ಸರಿಗೆ ಹೋಗಿ, ನೀನು ವರ್ಣಿಸಿದ್ದ ಹಸಿರು ಗೆರೆಯ ಬದನೆಯನ್ನು ಹೋಲುವ ಆರು ಸಸಿ ತಂದು ನೆಟ್ಟೆ.

ಕಾಯಿ ಬಿಟ್ಟಾಗ ನೀನು ಎಣ್ಣೆಗಾಯಿ ಮಾಡಿ, ಬಿಸಿ ರೊಟ್ಟಿಯ ಜೊತೆ ನನಗೂ ಬಡಿಸಿದೆ. ಮೊದಲ ತುತ್ತು ಬಾಯಿಗಿಟ್ಟವಳೇ ನೀನು ಕಾಯಿಯ ತೊಟ್ಟನ್ನು ತಿರುಗಿಸಿ ನೋಡಿದೆ.

"ಅಕ್ಕಾರ, ಇದು ಅವ್ವನ ಬದ್ನಿಕಾಯಿ ಅನ್ಸವಲ್ದು. ತೊಟ್ಟಿಗಿ ಮುಳ್ಳೂ ಇಲ್ಲ ನೋಡ್ರಿ."

"ಇಲ್ಲಿ ಕಾವೇರಿ ನೀರಲ್ವಾ ಶರಣಮ್ಮ, ನೀರು ಬದಲಾದ್ರೆ ಕಾಯೀನೂ ಬದಲಾಗತ್ತೆ," ಎಂದೆ ನಾನು.

ನೀನು ನಂಬಿದೆ. ಗಿಡದ ವಿಷಯದಲ್ಲಿ ನನ್ನ ಮಾತೆಂದರೆ ನಿನಗೆ ವೇದವಾಕ್ಯ. ಒಂದು ಕಾಯಿಯನ್ನು ಹಳದಿಯಾಗುವವರೆಗೆ ಗಿಡದಲ್ಲೇ ಬಿಡಲು ಹೇಳಿ, ನೀನೇ ಬೀಜ ತೆಗೆದು, ಬೂದಿ ಬೆರೆಸಿ ಇಟ್ಟುಕೊಂಡೆ. ವರ್ಷ ವರ್ಷವೂ ಅದನ್ನೇ ನೀನು ತಂದುಕೊಟ್ಟೆ, ನಾನು ಹಾಕಿದೆ. ನರ್ಸರಿಯ ಹೈಬ್ರಿಡ್ ತಳಿಯ ಬೀಜವಲ್ಲವೇ, ಗುಣ ನಿಲ್ಲುವುದಿಲ್ಲ — ಒಂದು ವರ್ಷ ಉದ್ದ, ಒಂದು ವರ್ಷ ಗುಂಡು, ಒಮ್ಮೆ ಅಚ್ಚ ನೇರಳೆ. ಪ್ರತಿ ಸಲವೂ ನೀನೇ, "ನೀರಿನ ಗುಣ ಬಿಡ್ರಿ," ಎನ್ನುತ್ತಿದ್ದೆ. ಹೋದ ವರ್ಷ ಮಾತ್ರ ಬೇರೆ ಹೇಳಿದೆ. "ಅವ್ವನ ಬದ್ನಿಕಾಯಿ ರುಚಿ ಹೆಂಗಿತ್ತಂತ ನನಗ ಮರ್ತೇ ಹೋಗ್ಯದ ಅಕ್ಕಾರ."

ನಿನಗೆ ಮರೆತಿರಲಿಲ್ಲ ಶರಣಮ್ಮ. ನಿನ್ನ ನಾಲಿಗೆ ಮೊದಲ ದಿನವೇ ಸರಿಯಾಗಿ ಹೇಳಿತ್ತು. ಅದನ್ನು ಸುಳ್ಳು ಮಾಡಿದವಳು ನಾನು. ಬೀಜ ಹೋದದ್ದು ಕೈತಪ್ಪು ಎನ್ನಬಹುದೇನೋ, ಇದನ್ನು ಮಾತ್ರ —

ನಿನ್ನೆ ಬಂದೆ ನೀನು. ಭಾನುವಾರ ನಿನ್ನ ಮಗಳ ಮದುವೆ. ಒಂದು ಹಿಡಿ ಬೀಜ, ಹೊಸ ಖಣದ ತುಂಡು ನನ್ನ ಮುಂದಿಟ್ಟೆ.

"ಮಗಳ ಉಡಿಯಾಗ ಹಾಕ್ತೀನ್ರಿ. ಗಂಟು ನೀವೇ ಕಟ್ರಿ ಅಕ್ಕಾರ. ಅವ್ವನ ಬೀಜ ಉಳಿಸಿದವ್ರು ನೀವು."

ಕಟ್ಟಲಾಗಲಿಲ್ಲ. ಬೆರಳು ನೋಯುತ್ತಿದೆ, ಎರಡು ದಿನ ಬಿಟ್ಟು ಕಟ್ಟುತ್ತೇನೆ ಎಂದೆ — ಅದೂ ಸುಳ್ಳೇ.

ಈ ಕಾಗದವನ್ನು ನಿನ್ನ ಕೈಗಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ನಾಳೆ ನೀನು ಹಿಟ್ಟು ನಾದುವ ಮೊದಲೇ ಬಂದು ಬಾಯಲ್ಲೇ ಹೇಳುತ್ತೇನೆ. ಮದುವೆಯ ಸಂತೋಷ ಕೆಡುತ್ತದೆ, ಗೊತ್ತು. ನೀನು ಅವ್ವನನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತೀಯ, ಅದೂ ನನ್ನಿಂದ. ಆದರೂ ಆ ಹುಡುಗಿಯ ಉಡಿಗೆ ನನ್ನ ಸುಳ್ಳು ಬೀಳುವುದು ಬೇಡ. ನೀನು ಬೈದರೆ ನಾನು ಎದ್ದು ಹೋಗುವುದಿಲ್ಲ. ಬಾಗಿಲು ಹಾಕಿಕೊಂಡರೆ ತಟ್ಟುವುದಿಲ್ಲ.