ಚಿಕ್ಕಮ್ಮನೆದುರು ಓದಿದ ಕಾದಂಬರಿ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಪಿಯುಸಿ ಓದುತ್ತಿದ್ದ ನನಗೆ ಬೆಳಗಿನ ಕಾಲೇಜು. ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದೆ. ಊಟ ಮುಗಿದು, ನಲ್ಲಿ ನೀರು ನಿಂತು, ಗಂಡಸರ್ಯಾರೂ ಇಲ್ಲದ ಆ ಹೊತ್ತಿನಲ್ಲಿ ವಠಾರದ ಹೆಂಗಸರು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಿದ್ದರು. ಒಬ್ಬರು ಹೂ ಕಟ್ಟುತ್ತ, ಇನ್ನೊಬ್ಬರು ಸ್ವೆಟರ್ ಹೆಣೆಯುತ್ತ. ಅವರಿಗೆ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ.

ಪುಸ್ತಕಗಳು ಬರುತ್ತಿದ್ದದ್ದು ದಿನಬಾಡಿಗೆಗೆ ಪುಸ್ತಕ ಕೊಡುವ ಮೇನ್ ರೋಡಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಹಾಸ್ಟೆಲಿನಲ್ಲಿ ಜಾತಿ ಮುಚ್ಚಿಟ್ಟುಕೊಂಡು ಓದುವ ಹುಡುಗಿ, ತಮ್ಮಂದಿರನ್ನು ಸಾಕಲು ಟೈಪಿಸ್ಟ್ ಆಗಿ ಪ್ರೀತಿಯನ್ನು ಮುಂದೂಡುತ್ತಲೇ ಹೋಗುವವಳು, ಮನೆಯಲ್ಲಿ ಉರ್ದು ಬೀದಿಯಲ್ಲಿ ಕನ್ನಡ ಮಾತಾಡುತ್ತ ತಾನು ಯಾವ ಕಡೆಯವನೆಂದು ಒದ್ದಾಡುವ ಹುಡುಗ, ಇವರೆಲ್ಲ ಆ ಕಾದಂಬರಿಗಳಿಂದ ನಮ್ಮ ಜಗಲಿಗೆ ಬಂದು ಹೋಗಿದ್ದರು. ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಮುಂದಿನ ಕ್ರಾಸಿನಲ್ಲಿ ಬಾಡಿಗೆಗಿರುವವರೇನೋ ಎಂಬಂತೆ ಹೆಂಗಸರು ಅವರನ್ನು ಬೈಯುತ್ತಿದ್ದರು, ಅವರಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗಂತೂ ಕಾಲೇಜಿನ ಕೊನೆಯ ಗಂಟೆ ಹೊಡೆಯುವಾಗಲೇ ಮನಸ್ಸು ಜಗಲಿಯ ಮೇಲಿರುತ್ತಿತ್ತು.

ಬಾಗಿಲಿಗೆ ಒರಗಿ ಮೊರದಲ್ಲಿ ಅಕ್ಕಿ ಹಿಡಿದು ಕೂರುತ್ತಿದ್ದವಳು ಚಿಕ್ಕಮ್ಮ. ನನ್ನ ಆರನೆಯ ವಯಸ್ಸಿನಲ್ಲಿ ಅಮ್ಮ ತೀರಿಕೊಂಡಳು. ಮರುವರ್ಷವೇ ಅಪ್ಪ ಇವಳನ್ನು ಮದುವೆಯಾದ. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದುದರಿಂದ ವಠಾರಕ್ಕೆಲ್ಲ ನಮ್ಮ ಮನೆಯ ಸಂಗತಿ ಗೊತ್ತಿತ್ತು.

ಆ ಸಲ ತಂದ ಕಾದಂಬರಿ ಚೆನ್ನಾಗಿಯೇ ಶುರುವಾಯಿತು. ಕಾಲೇಜು ಹುಡುಗಿ, ಬೇರೆ ಜಾತಿಯ ಸಹಪಾಠಿ, ಬಸ್ ಸ್ಟಾಪಿನಲ್ಲಿ ಮಾತು. ಆದರೆ ಮೂರನೆಯ ಅಧ್ಯಾಯಕ್ಕೆ ಹುಡುಗಿಯ ಮಲತಾಯಿ ಬಂದಳು. ವಿಷಯ ತಿಳಿದ ಅವಳು ಹುಡುಗಿಗೆ ಬರೆ ಹಾಕಿದಳು. ನಾನು ಓದುತ್ತಿದ್ದ ಹಾಗೆ ಎಲ್ಲರ ಕಣ್ಣುಗಳೂ ಒಂದು ಗಳಿಗೆ ಬಾಗಿಲ ಕಡೆ ಹೊರಳಿ ಹಿಂದಕ್ಕೆ ಬಂದವು.

ಮೂಲೆಮನೆಯ ಆಂಟಿ ಹೂವಿನ ದಾರ ಎಳೆಯುತ್ತ ಅಂದರು, "ಎಷ್ಟಾದ್ರೂ ಹೆತ್ತೋಳಲ್ವಲ್ಲ ಕಣ್ರೀ."

ಚಿಕ್ಕಮ್ಮನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಮತ್ತೆ ಕಲ್ಲು ಆರಿಸತೊಡಗಿತು.

ಮರುದಿನದ ಅಧ್ಯಾಯದಲ್ಲಿ ಆ ಹೆಂಗಸು ಹುಡುಗಿಯನ್ನು ಉಗ್ರಾಣದಲ್ಲಿ ಕೂಡಿಹಾಕಿ, ಅನ್ನ ಹಾಕದೆ, ತನ್ನ ವಿಧುರ ತಮ್ಮನಿಗೆ ಕೊಟ್ಟು ಮದುವೆ ಮಾಡಲು ಹೊರಡುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದದ್ದು ಅದು. ನನ್ನ ಬಾಯಿಂದ ಬಂದದ್ದು ಬೇರೆ. ಬರೆ ಹಾಕಿದ್ದಕ್ಕೆ ಅವಳು ಅತ್ತಳು, ಬೆಣ್ಣೆ ತಂದು ಹಚ್ಚಿದಳು ಎಂದು ಓದಿಬಿಟ್ಟೆ. ಒಮ್ಮೆ ಶುರುಮಾಡಿದ ಮೇಲೆ ನಿಲ್ಲಿಸುವಂತಿರಲಿಲ್ಲ. ಕಣ್ಣು ಸಾಲುಗಳ ಮೇಲೆ ಓಡಬೇಕು, ಸರಿಯಾದ ಹೊತ್ತಿಗೆ ಹಾಳೆ ತಿರುಗಿಸಬೇಕು, ನಿನ್ನೆ ಕಟ್ಟಿದ್ದನ್ನು ಇವತ್ತು ಮರೆಯಬಾರದು. ಓದಿ ಮುಗಿಸುವಷ್ಟರಲ್ಲಿ ಬೆನ್ನಿನ ಮೇಲೆ ರವಿಕೆ ಬೆವರಿಗೆ ಅಂಟಿಕೊಂಡಿರುತ್ತಿತ್ತು.

"ಅದೇನೇ, ದಿಢೀರಂತ ಇಷ್ಟು ಒಳ್ಳೆಯವಳಾಗ್ಬಿಟ್ಳು?" ಎರಡು ದಿನ ಕಳೆದ ಮೇಲೆ ಮೂಲೆಮನೆಯ ಆಂಟಿ ಕೇಳಿದರು. "ಎಲ್ಲಿ, ಆ ಪುಸ್ತಕ ಒಂದು ರಾತ್ರಿ ಕೊಡು, ನೋಡ್ತೀನಿ."

"ಇಲ್ಲ ಆಂಟಿ, ಲೈಬ್ರರಿಯೋರು ಬೈತಾರೆ," ಅಂದೆ.

ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು. ಮರುದಿನ ಪುಸ್ತಕವನ್ನು ಬಟ್ಟೆ ಪೆಟ್ಟಿಗೆಯೊಳಗೆ ಇಟ್ಟು ಕಾಲೇಜಿಗೆ ಹೋದೆ. ವಾಪಸು ಬಂದಾಗ ಅದು ಆಂಟಿಯ ತೊಡೆಯ ಮೇಲಿತ್ತು. ನಾನಿಲ್ಲದಾಗ ಬಂದು ಕೇಳಿದ್ದರಂತೆ. ಚಿಕ್ಕಮ್ಮ ಏನೂ ತಿಳಿಯದೆ ತೆಗೆದುಕೊಟ್ಟಿದ್ದಾಳೆ ಅಂದುಕೊಂಡೆ. ಉಳಿದವರೂ ಆಗಲೇ ಬಂದು ಕೂತಿದ್ದರು.

"ಇದರಲ್ಲಿ ಬೆಣ್ಣೆನೂ ಇಲ್ಲ, ಅಳೋದೂ ಇಲ್ಲ," ಅಂದರು ಆಂಟಿ. "ಆ ಮಗೂಗೆ ಅನ್ನ ಹಾಕದೆ ಕೂಡಿಹಾಕಿದಾಳೆ. ನಮಗೆಲ್ಲ ಯಾಕೆ ಸುಳ್ಳು ಓದಿದ್ದೆ? ಯಾರ ಮನಸ್ಸಿಗೆ ನೋವಾಗತ್ತೆ ಅಂತ?"

ಸ್ವೆಟರಿನ ಕಡ್ಡಿಗಳ ಸದ್ದು ನಿಂತಿತು. ನನಗೆ ಚಿಕ್ಕಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಎದ್ದು ಒಳಗೆ ಹೋಗೋಣವೆಂದರೆ ಬಾಗಿಲಲ್ಲಿ ಅವಳೇ ಕೂತಿದ್ದಾಳೆ.

"ಪುಸ್ತಕ ಅವಳ ಕೈಗೆ ಕೊಡ್ರಿ," ಅಂದಳು ಚಿಕ್ಕಮ್ಮ. ಆಮೇಲೆ ನನ್ನತ್ತ ತಿರುಗಿ, "ಕೂತ್ಕೊ. ಅದರಲ್ಲಿ ಏನಿದೆಯೋ ಅದನ್ನೇ ಓದು."

"ಬೇಡ ಚಿಕ್ಕಮ್ಮ."

"ಓದು ಅಂದ್ನಲ್ಲ."

ಓದಿದೆ. ಉಗ್ರಾಣದ ಬೀಗ, ಹಸಿವು, ಹುಡುಗಿ ಸತ್ತ ತಾಯಿಯನ್ನು ಕೂಗಿ ಕರೆಯುವುದು, ಬಾಗಿಲಾಚೆ ಆ ಹೆಂಗಸು ನಗುವುದು, ಒಂದನ್ನೂ ಬಿಡಲಿಲ್ಲ. ನಡುನಡುವೆ ಅಕ್ಷರಗಳು ತಪ್ಪಿದವು. ನಿಂತಲ್ಲೆಲ್ಲ ಚಿಕ್ಕಮ್ಮ "ಹೂಂ" ಅನ್ನುತ್ತಿದ್ದಳು. ಮತ್ತೆ ಮುಂದಕ್ಕೆ ಹೋಗುತ್ತಿದ್ದೆ. ಅಷ್ಟು ಉದ್ದದ ಅಧ್ಯಾಯವನ್ನು ನಾನು ಅದಕ್ಕೆ ಮುಂಚೆ ಓದಿರಲಿಲ್ಲ ಅನ್ನಿಸಿತು.

ಮುಗಿದ ಮೇಲೆ ಚಿಕ್ಕಮ್ಮ ಕೇಳಿದಳು, "ಆ ಹೆಂಗಸಿಗೆ ವಯಸ್ಸೆಷ್ಟು?"

ನಾನು ಹಾಳೆ ಹಿಂದೆಮುಂದೆ ತಿರುವಿದೆ. "ಬರೆದಿಲ್ಲ."

"ಯಾವ ಊರೋಳು? ಎರಡನೇ ಸಂಬಂಧಕ್ಕೆ ಅವಳು ಒಪ್ಕೊಂಡಿದ್ಳಾ, ಇಲ್ಲ ಯಾರಾದರೂ ತಂದು ಕಟ್ಟಿದ್ರಾ?"

"ಅದೂ ಬರೆದಿಲ್ಲ ಚಿಕ್ಕಮ್ಮ."

"ಹಾಗಾದ್ರೆ ಬರೆದೋರಿಗೂ ಗೊತ್ತಿಲ್ಲ ಬಿಡು," ಅಂದಳು. ಮೊರವನ್ನು ಒಮ್ಮೆ ಕುಟ್ಟಿ ಅಕ್ಕಿಯನ್ನು ಒಂದು ಕಡೆಗೆ ತಂದಳು. "ಮುಂದೆ ಓದು. ಆ ಹುಡುಗ ಬರ್ತಾನೋ ಇಲ್ವೋ?"

ಆ ಹುಡುಗ ಬಂದ. ಮೂಲೆಮನೆಯ ಆಂಟಿ ಇನ್ನೇನೋ ಹೇಳಲು ಬಾಯಿ ತೆರೆದರು, ಸ್ವೆಟರ್ ಹೆಣೆಯುತ್ತಿದ್ದವರು "ಸುಮ್ನಿರ್ರೀ, ಕೇಳೋಣ" ಅಂದರು.

ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುತ್ತ ಚಿಕ್ಕಮ್ಮ ಅಂದಳು, "ನೀನು ಕಟ್ಟಿ ಹೇಳ್ತಿದ್ದೆ ಅಂತ ನನಗೆ ಮೊದಲನೇ ದಿನಾನೇ ಗೊತ್ತಾಯ್ತು. ಕಣ್ಣು ಒಂದು ಕಡೆ ಓಡ್ತಿತ್ತು, ಬಾಯಿ ಒಂದು ಕಡೆ."

"ಮತ್ತೆ ಯಾಕೆ ಸುಮ್ನಿದ್ರಿ?"

"ಕೇಳೋಕೆ ಚೆನ್ನಾಗಿತ್ತು."

ಸ್ಟೌ ಹತ್ತಿಕೊಂಡಿತು. ಅವಳು ಉರಿ ಸಣ್ಣ ಮಾಡಿ ಪಾತ್ರೆ ಇಟ್ಟಳು.

"ನಾನು ಈ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ನೀನು ನನ್ನ ಕೈಯಿಂದ ತುತ್ತು ತಗೊಳ್ತಿರ್ಲಿಲ್ಲ. ಬಾಗಿಲ ಹಿಂದೆ ನಿಂತ್ಕೊಂಡು ನನ್ನನ್ನೇ ನೋಡ್ತಿದ್ದೆ, ಸುಮ್ನೆ, ಒಂದು ಮಾತಾಡ್ದೆ. ನಿಮ್ಮಪ್ಪ ಕೆಲಸಕ್ಕೆ ಹೋದ ಮೇಲೆ ನಿನ್ನ ಜೊತೆ ಒಬ್ಬಳೇ ಇರೋಕೆ ನನಗೆ ಭಯ ಆಗೋದು ಕಣೇ. ನಾನು ಬಚ್ಚಲುಮನೇಲಿ ಕೂತ್ಕೊಂಡು ಅಳ್ತಿದ್ದೆ."

ನನಗೆ ನೆನಪಿದ್ದದ್ದು ನನ್ನ ಭಯ ಮಾತ್ರ. ಆ ಮನೆಯಲ್ಲಿ ಹೆದರಿದ್ದವರು ಇಬ್ಬರು ಎಂಬುದು ಅಂದಿನವರೆಗೂ ನನಗೆ ಹೊಳೆದಿರಲಿಲ್ಲ. ಈರುಳ್ಳಿ ಹೆಚ್ಚುತ್ತ ಕೂತೆ.

ಕಾದಂಬರಿಯನ್ನು ಆ ವಾರವೇ ಮುಗಿಸಿದೆವು. ಹುಡುಗಿ ಮನೆಬಿಟ್ಟು ಹೋಗಿ ಅವನನ್ನು ರಿಜಿಸ್ಟರ್ ಮದುವೆಯಾದಳು. ಎಲ್ಲರಿಗಿಂತ ಹೆಚ್ಚು ಅತ್ತವರು ಮೂಲೆಮನೆಯ ಆಂಟಿ. ಚಿಕ್ಕಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಡಿಗ್ರಿ ಮುಗಿಸಿಕೊಂಡು ಹೋಗಬಹುದಿತ್ತು, ಅಷ್ಟು ಅವಸರ ಏನಿತ್ತು ಅಂದಳು. ಅದರ ಮೇಲೆ ಜಗಲಿಯಲ್ಲಿ ದೊಡ್ಡ ಚರ್ಚೆಯೇ ನಡೆದು, ಸಂಜೆ ನಲ್ಲಿಯಲ್ಲಿ ನೀರು ಬಂದದ್ದೂ ಯಾರಿಗೂ ಗೊತ್ತಾಗಲಿಲ್ಲ.